ನಾಣುವಿಗೆ ಓದದ ಕೊನೆಯ ಪುಟ

ಪುಳಿಂಕಡವಿನ ಮುನ್ಸಿಫ್ ಕೋರ್ಟಿನಲ್ಲಿ ನಾಣು ಇಪ್ಪತ್ತಾರು ವರ್ಷ ಡಫೇದಾರನಾಗಿ ಕೂಗಿದ. ಬೇರೆಯವರು ಕೆಲಸ ಮಾಡುತ್ತಾರೆ, ನಾಣು ಕೂಗುತ್ತಿದ್ದ. ವಾದಿಯ ಹೆಸರು ಮೂರು ಸಲ, ಪ್ರತಿವಾದಿಯ ಹೆಸರು ಮೂರು ಸಲ. ಕಾಲುವೆಯ ಆಚೆ ದಡದಲ್ಲಿ ತೆಂಗಿನ ಸಿಪ್ಪೆ ಬಡಿಯುತ್ತಿದ್ದ ಹೆಂಗಸರು ಆ ಕೂಗು ಕೇಳಿಯೇ ಇವತ್ತು ಯಾರ ಮನೆಯ ಜಗಳ ಬೀದಿಗೆ ಬಂತು ಎಂದು ತಿಳಿದುಕೊಳ್ಳುತ್ತಿದ್ದರು. ಬಿಳಿ ಅಂಗಿ, ಅದರ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಎದೆಯ ಮೇಲೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ. ಆ ಬಿಲ್ಲೆಯನ್ನು ಅವನ ಹೆಂಡತಿ ಪೊನ್ನಮ್ಮ ಪ್ರತಿ ಭಾನುವಾರ ಹುಣಸೆಹಣ್ಣು ಹಚ್ಚಿ ಉಜ್ಜಬೇಕು. “ನನ್ನ ತಾಳಿಗೇ ಇಷ್ಟು ಹೊಳಪು ಬರಲಿಲ್ಲ. ಯಾರನ್ನ ಕಟ್ಕೊಂಡ್ರೋ ಏನೋ ನೀವು, ನನ್ನನ್ನೋ ಕೋರ್ಟನ್ನೋ!” ಎಂದು ಅವಳು ಉಜ್ಜುತ್ತಲೇ ಗೊಣಗುತ್ತಿದ್ದಳು.

ನಾಣು ಓದಿದ್ದು ಮಲಯಾಳಂ ನಾಲ್ಕನೆಯ ಕ್ಲಾಸು. ಅವನು ಕಂಡ ಹನ್ನೊಂದು ಮುನ್ಸಿಫರೂ ತೀರ್ಪು ಬರೆದದ್ದು ಇಂಗ್ಲಿಷಿನಲ್ಲಿ, ಓದಿದ್ದೂ ಇಂಗ್ಲಿಷಿನಲ್ಲಿ. ಕಕ್ಷಿದಾರರು ಕೈಮುಗಿದು ನಿಂತು ಕೇಳಿ, ಹೊರಗೆ ಜಗಲಿಗೆ ಬಂದು ನಾಣುವಿನ ತೋಳು ಹಿಡಿಯುತ್ತಿದ್ದರು.

“ನಾಣುಚೇಟ್ಟಾ, ನಾನು ಗೆದ್ನಾ, ಸೋತ್ನಾ?”

“ನಿನ್ನ ವಕೀಲರ ಕಡೆ ನೋಡಪ್ಪ. ನಿನಗೋಸ್ಕರ ಕಾಯ್ತಾ ನಿಂತಿದ್ರೆ ಗೆದ್ದೆ. ಬೇಗ ಬೇಗ ದೋಣಿ ಹತ್ತುತಿದ್ರೆ ಸೋತೆ.”

ಈ ಲೆಕ್ಕ ಒಂದು ಸಲವೂ ತಪ್ಪಿದ್ದಿಲ್ಲ.

ಹನ್ನೆರಡನೆಯ ಮುನ್ಸಿಫ್ ಆಗಿ ಕಾರ್ತ್ಯಾಯನಿ ಬಂದಿಳಿದದ್ದು ಎಪ್ಪತ್ತನಾಲ್ಕರ ಆಗಸ್ಟಿನಲ್ಲಿ, ಚಿಂಗ ಮಾಸ ಹುಟ್ಟಿದಾಗ. ಆ ಕೋರ್ಟಿನ ಪೀಠದ ಮೇಲೆ ಹೆಂಗಸೊಬ್ಬಳು ಕೂತದ್ದು ಅದೇ ಮೊದಲು. ಆದರೂ ಪೀಠದ ಮೇಲೆ ಕೂತವರನ್ನು ಕರೆದು ರೂಢಿಯಾಗಿದ್ದ ‘ಸಾರ್’ ಎಂಬುದೇ ಅವಳಿಗೂ ಉಳಿಯಿತು. ಮೂವತ್ತಮೂರು ವಯಸ್ಸು, ಕನ್ನಡಕ, ಒಂದು ಟ್ರಂಕಿನ ತುಂಬ ಪುಸ್ತಕ, ಇನ್ನೊಂದರಲ್ಲಿ ಉಪ್ಪಿನಕಾಯಿಯ ಭರಣಿಗಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ವರ್ಷದ ಪರೀಕ್ಷೆಯ ಅವಧಿ ಮುಗಿದು ಮೇಲಿನವರು ಒಪ್ಪಿದರೆ ಉಂಟು, ಒಪ್ಪದಿದ್ದರೆ ಟ್ರಂಕು ಎತ್ತಿಕೊಂಡು ಮನೆಗೆ ಹೋಗಬೇಕು.

ಬಂದ ಮೊದಲ ದಿನವೇ ಅವಳು ನಾಣುವನ್ನು “ನಾಣುಚೇಟ್ಟ” ಎಂದು ಕರೆದುಬಿಟ್ಟಳು. ಮುನ್ಸಿಫ್ ಡಫೇದಾರನನ್ನು ಅಣ್ಣ ಎನ್ನುವುದೇ! ಗುಮಾಸ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಣು ಆ ದಿನ ಸಂಜೆ ಮನೆಗೆ ಹೋಗಿ ಪೊನ್ನಮ್ಮನಿಗೆ ಅದನ್ನು ನಾಲ್ಕು ಸಲ ಹೇಳಿದ.

ಮಲಯಾಳಂನಲ್ಲೂ ತೀರ್ಪು ಬರೆಯಬಹುದು ಎಂಬ ಆಜ್ಞೆ ಅಷ್ಟರಲ್ಲಿ ಬಂದಿತ್ತು. ಆದರೆ ಬರೆಯುವವರು ಯಾರು? ಇಂಗ್ಲಿಷು ಬಿಟ್ಟರೆ ಗೌರವ ಹೋದೀತು ಎಂದು ಎಲ್ಲರಿಗೂ ಭಯ. ಕಾರ್ತ್ಯಾಯನಿ ಬರೆದಳು. ಅದಕ್ಕೊಂದು ಕಾರಣವಿತ್ತು, ಅದನ್ನು ಅವಳು ನಾಣುವಿಗೆ ಹೇಳಿದ್ದಳು. ಅವಳ ಅಜ್ಜಿ ಮನೆಯ ಹಿತ್ತಲನ್ನು ಕೋರ್ಟಿನಲ್ಲಿ ಕಳೆದುಕೊಂಡಿದ್ದಳು. ಆ ಇಂಗ್ಲಿಷ್ ತೀರ್ಪಿನ ನಕಲನ್ನು ಮಡಿಸಿ ಅಕ್ಕಿಯ ಪೆಟ್ಟಿಗೆಯಲ್ಲಿಟ್ಟುಕೊಂಡು, ಮನೆಗೆ ಬಂದ ಓದುಬರಹದವರಿಗೆಲ್ಲ ತೋರಿಸುತ್ತಿದ್ದಳು. “ಸಾಯೋವರೆಗೂ ಅವಳಿಗೆ ತಾನು ಯಾಕೆ ಸೋತೆ ಅಂತ ಗೊತ್ತಾಗಲಿಲ್ಲ ನಾಣುಚೇಟ್ಟ. ಸೋತದ್ದಕ್ಕಲ್ಲ, ಯಾಕೆ ಅಂತ ಗೊತ್ತಾಗದ್ದಕ್ಕೇ ಅವಳು ಕೊರಗಿದ್ದು,” ಎಂದಿದ್ದಳು ಕಾರ್ತ್ಯಾಯನಿ. ನಾಣುವಿಗೆ ಸಂಕಟವಾಯಿತು. ಅವನು ಚಹಾದ ಲೋಟ ಹತ್ತಿರಕ್ಕೆ ಸರಿಸಿದ.

ಮೊದಲ ಮಲಯಾಳಂ ತೀರ್ಪಿನ ದಿನ ಆದ ಗಮ್ಮತ್ತೇ ಗಮ್ಮತ್ತು. ಅದು ಎರಡು ಮನೆಗಳ ನಡುವಿನ ಬಾವಿಯ ಕೇಸು. ಕಾರ್ತ್ಯಾಯನಿ ಓದುತ್ತಾ ಹೋದಂತೆ, ಸೋಲಲಿದ್ದ ಮುದುಕ ಕೈಮುಗಿದು ನಿಲ್ಲುವುದನ್ನು ಮರೆತು ಉತ್ತರ ಕೊಡಲು ಶುರುಮಾಡಿದ.

“ಅದು ಸರಿ ಸಾರ್. ಅದೂ ಸರಿ. ಛೇ ಛೇ, ಅದು ಮಾತ್ರ ಸುಳ್ಳು! ಬಾವಿಗೆ ಕಟ್ಟೆ ಕಟ್ಟಿಸಿದ್ದು ನಮ್ಮಪ್ಪ ಅಲ್ಲ, ಚಿಕ್ಕಪ್ಪ.”

“ಬಾಯಿ ಮುಚ್ಚಯ್ಯ, ತೀರ್ಪು ಓದ್ತಿದಾರೆ!” ಎಂದು ಅವನ ವಕೀಲರೇ ಗದರಿದರು.

“ನಂದೇ ಬಾವಿ, ನಂದೇ ಕೇಸು, ನಾನು ಬಾಯಿ ಮುಚ್ಬೇಕಾ?”

ಕಾರ್ತ್ಯಾಯನಿ ಕಡತ ನೋಡಿದಳು. ಚಿಕ್ಕಪ್ಪನೇ ಹೌದು. ಅದನ್ನು ಅಲ್ಲೇ ತಿದ್ದಿ ಸಹಿ ಮಾಡಿ ಮುಂದಕ್ಕೆ ಓದಿದಳು. ಮುದುಕ ಸೋತ. ಜಗಲಿಗೆ ಬಂದು ವೀಳ್ಯ ಹಾಕಿಕೊಂಡು, “ಸೋತೆ ಕಣೋ ನಾಣು. ಆದ್ರೆ ಅವಳು ಹೇಳಿದ್ದರಲ್ಲಿ ನ್ಯಾಯ ಇದೆ,” ಎಂದು ನಗುತ್ತಾ ದೋಣಿ ಹತ್ತಿದ. ಸೋತವನು ನಗುತ್ತಾ ಹೋದದ್ದನ್ನು ನಾಣು ಹುಟ್ಟಿದಮೇಲೆ ಕಂಡಿರಲಿಲ್ಲ.

ಆ ಸಂಜೆಯೇ ಕಾರ್ತ್ಯಾಯನಿಗೆ ಅವಳ ಹೊಸ ಪದ್ಧತಿ ಹೊಳೆದದ್ದು. ತೀರ್ಪಿನ ಮೊದಲ ಪುಟಗಳಲ್ಲಿ ಯಾರು ಏನು ಹೇಳಿದರು, ಯಾವ ಸಾಕ್ಷಿ ನಂಬಬಹುದು, ಯಾಕೆ ಎಂಬುದೆಲ್ಲ ಇರುತ್ತದೆ. ಯಾರು ಗೆದ್ದರು ಎಂಬುದು ಕೊನೆಯ ಪುಟದಲ್ಲಿ. ಇನ್ನು ಮುಂದೆ ಪ್ರತಿ ತೀರ್ಪನ್ನೂ ಹೇಳುವ ಮೊದಲು ತನ್ನ ಕೋಣೆಯಲ್ಲಿ ನಾಣುವಿಗೆ ಓದುವುದು, ಕೊನೆಯ ಪುಟ ಮಾತ್ರ ಓದದಿರುವುದು. ಯಾರು ಗೆದ್ದರು ಅಂತ ನಾಣು ಹೇಳಬೇಕು.

“ನನ್ನ ಕಾರಣಗಳನ್ನ ಕೇಳಿ ನೀವಾಗೇ ಕೊನೆಯ ಪುಟಕ್ಕೆ ಬಂದು ಸೇರಬೇಕು. ಸೇರಲಿಲ್ಲ ಅಂದ್ರೆ ನಾನು ಬರೆದದ್ದು ತೀರ್ಪಲ್ಲ, ಬರೀ ಅಧಿಕಾರ,” ಎಂದಳು. “ಒಂದು ಷರತ್ತು. ನಿಮಗೆ ಹೊರಗಿಂದ ಗೊತ್ತಿರೋದನ್ನ ಸೇರಿಸಬಾರದು. ನಾನು ಓದಿದ್ದಷ್ಟೇ.”

“ನನ್ನ ತಲೆಗೆ ಇದೆಲ್ಲ ಹತ್ತತ್ತಾ ಸಾರ್?”

“ಹತ್ತದಿದ್ರೆ ತಪ್ಪು ನಂದು.”

ಹೀಗೆ ಶುರುವಾದದ್ದು ವಾರಕ್ಕೆ ಎರಡು ಸಂಜೆ ನಡೆಯಿತು. ಬೇಳೆಯ ಪರಿಪ್ಪುವಡೆ, ಕಪ್ಪು ಚಹಾ, ತೀರ್ಪು. ನಾಣು ಸರಿಯಾಗಿ ಹೇಳಿದರೆ ಅವಳು ಸಹಿ ಹಾಕುತ್ತಿದ್ದಳು. ತಪ್ಪಾಗಿ ಹೇಳಿದರೆ ಕಾಗದ ಹರಿದು ಮತ್ತೆ ಬರೆಯುತ್ತಿದ್ದಳು. ನಾಣುವಿನ ನಡಿಗೆ ನಿಧಾನವಾಗಿ ಬದಲಾಯಿತು. ಮನೆಯಲ್ಲಿ ಮೀನಿನ ಸಾರಿಗೆ ಉಪ್ಪು ಹೆಚ್ಚಾದರೆ “ಇದಕ್ಕೆ ಕಾರಣ ಕೊಡು” ಎನ್ನತೊಡಗಿದ.

“ಕಾರಣ ಬೇಕಾ? ಕೈ ಜಾರಿತು. ಮೇಲ್ಮನವಿ ಹಾಕ್ಕೊಳ್ಳಿ,” ಎಂದಳು ಪೊನ್ನಮ್ಮ.

ಆಮೇಲೆ ಬಂತು ಬಾತುಗಳ ಕೇಸು. ಕೊಯ್ಲಾದ ಗದ್ದೆಗೆ ಉದುರಿದ ಭತ್ತ ತಿನ್ನಲು ಇಬ್ಬರು ಬಾತು ಬಿಟ್ಟಿದ್ದರು. ಒಬ್ಬ ಔಸೇಪ್, ಸಾವಿರಾರು ಬಾತುಗಳ ಯಜಮಾನ. ಇನ್ನೊಬ್ಬಳು ಚೆಲ್ಲಮ್ಮ, ಗಂಡ ತೀರಿಕೊಂಡ ಮೇಲೆ ಅರವತ್ತು ಬಾತುಗಳಲ್ಲೇ ಬದುಕು ಸಾಗಿಸುತ್ತಿದ್ದವಳು. ಒಂದು ಮಧ್ಯಾಹ್ನ ಗಾಳಿಮಳೆಗೆ ಎರಡೂ ಹಿಂಡು ಬೆರೆತವು. ಬೇರೆ ಮಾಡಿದಾಗ ಚೆಲ್ಲಮ್ಮನ ಹತ್ತಿರ ಉಳಿದ ಅರವತ್ತೂ ತನ್ನವೇ ಎಂದು ಔಸೇಪ್ ಕೇಸು ಹಾಕಿದ. ಕೇಸು ಮುಗಿಯುವವರೆಗೆ ಆ ಬಾತುಗಳನ್ನು ಮೂರನೆಯವನೊಬ್ಬನ ವಶಕ್ಕೆ ಕೊಟ್ಟರು. ಮೂರು ವಾರದ ಮೇಲೆ ಕೋರ್ಟಿನ ಕಮಿಷನರ್ ಹೋಗಿ ನೋಡಿದಾಗ ಅರವತ್ತಕ್ಕೂ ಎಡಗಾಲಿನ ಬೆರಳುಗಳ ನಡುವಿನ ತೊಗಲಿನಲ್ಲಿ ಸಣ್ಣ ಕಚ್ಚು ಇತ್ತು. ಔಸೇಪ್ ತನ್ನ ಬಾತುಗಳಿಗೆ ಹಾಕುವ ಗುರುತು ಅದೇ.

ಕಾರ್ತ್ಯಾಯನಿ ಒಂಬತ್ತು ಪುಟ ಓದಿ ಮುಗಿಸಿ ಕೇಳಿದಳು, “ಯಾರು ಗೆದ್ದರು?”

“ಚೆಲ್ಲಮ್ಮ,” ಎಂದ ನಾಣು.

ಅವಳ ಮುಖ ಸಪ್ಪಗಾಯಿತು. ಮತ್ತೆ ಬರೆದು ಮರುದಿನ ಓದಿದಳು. “ಚೆಲ್ಲಮ್ಮ.” ಮೂರನೆಯ ಸಲವೂ ಚೆಲ್ಲಮ್ಮನೇ.

“ನಾಣುಚೇಟ್ಟ, ಪಾಪದ ಹೆಂಗಸು ಅಂತ ಕನಿಕರವಾ? ಕನಿಕರಕ್ಕೆ ಇಲ್ಲಿ ಜಾಗ ಇಲ್ಲ. ಹೊರಗಿಂದ ಏನಾದ್ರೂ ಕೇಳಿದ್ರಾ?”

“ದೇವರಾಣೆ ಇಲ್ಲ ಸಾರ್. ನೀವೇ ಓದಿದ್ದು. ಮೊಟ್ಟೆಯಿಂದ ಹೊರಬಂದ ವಾರದಲ್ಲೇ ಕಚ್ಚು ಹಾಕ್ತೀವಿ ಅಂತ ಔಸೇಪ್ ಹೇಳಿದಾನೆ, ಮೂರನೇ ಪುಟದಲ್ಲಿ. ಬಾತುಗಳಿಗೆ ಎರಡು ವರ್ಷ ಅಂತಲೂ ಅವನೇ ಹೇಳಿದಾನೆ. ಕಚ್ಚಿನ ಅಂಚು ಕೆಂಪಗಿತ್ತು, ಅಲ್ಲಲ್ಲಿ ಹಕ್ಕಳೆ ಕಟ್ಟಿತ್ತು ಅಂತ ಕಮಿಷನರ್ ಬರೆದಿದಾರೆ, ಏಳನೇ ಪುಟದಲ್ಲಿ. ಎರಡು ವರ್ಷದ ಗಾಯ ಇನ್ನೂ ಕೆಂಪಗಿರತ್ತಾ ಸಾರ್?”

ಕಾರ್ತ್ಯಾಯನಿ ಮೂರನೆಯ ಪುಟ ತೆಗೆದಳು, ಏಳನೆಯ ಪುಟ ತೆಗೆದಳು. ಎರಡನ್ನೂ ಅಕ್ಕಪಕ್ಕ ಇಟ್ಟಳು. ಎರಡನ್ನೂ ಬರೆದದ್ದು ಅವಳ ಕೈಯೇ, ಓದಿದ್ದು ಅವಳ ಬಾಯೇ. ಕೊನೆಗೆ ಕನ್ನಡಕ ತೆಗೆದು ಹಣೆಗೆ ಕೈ ಹಚ್ಚಿ ಕೂತಳು.

“ಬರವಣಿಗೆ ತಪ್ಪಲ್ಲ ನಾಣುಚೇಟ್ಟ. ನನ್ನ ಕೊನೆಯ ಪುಟವೇ ತಪ್ಪು.”

ಕಚ್ಚು ಹಾಕಿದವರು ಯಾರೋ, ಅದು ಈ ಕೇಸಿನ ಪ್ರಶ್ನೆಯಲ್ಲ. ಆದರೆ ಬಾತುಗಳು ಮರಿಗಳಾಗಿದ್ದಾಗ ಹಾಕಿದ್ದಂತೂ ಅಲ್ಲ ಎಂದು ಬರೆದು ಅವಳು ಔಸೇಪನ ದಾವೆ ವಜಾ ಮಾಡಿದಳು. ಚೆಲ್ಲಮ್ಮ ಅರವತ್ತು ಬಾತುಗಳನ್ನು ಕೋರ್ಟಿನ ಮುಂದಿನ ಕಾಲುವೆಯಲ್ಲೇ ಈಜಿಸಿಕೊಂಡು ಮನೆಗೆ ಹೋದಳು. ಆ ಗದ್ದಲದಲ್ಲಿ ಕೋರ್ಟಿನ ಕೆಲಸ ಅರ್ಧ ಗಂಟೆ ನಿಂತುಹೋಯಿತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾಣು ನಾಣುವೇ ಅಲ್ಲ. ಶನಿವಾರ ಶೇಂದಿ ಅಂಗಡಿಯಲ್ಲಿ, ಬೇಯಿಸಿದ ಮರಗೆಣಸು ಮತ್ತು ಮೀನಿನ ಪಲ್ಯದ ಮುಂದೆ, ಅವನ ಬಾಯಿ ಕೇಳಲೇ ಇಲ್ಲ. “ನಾನಿಲ್ಲದಿದ್ರೆ ಆ ಅರವತ್ತು ಬಾತೂ ಔಸೇಪನ ಪಾಲು! ಮುನ್ಸಿಫ್ ಸಾರ್ ಪ್ರತಿ ತೀರ್ಪೂ ನನಗೆ ಓದಿ ಹೇಳ್ತಾರೆ ಕಣ್ರೋ. ನಾನು ಹೂಂ ಅಂದ್ರೇ ಸಹಿ!” ಎಂದುಬಿಟ್ಟ. ಹಿಂದಿನ ಬೆಂಚಿನಲ್ಲಿ ಔಸೇಪನ ವಕೀಲ ಕುರುಪ್ಪರ ಗುಮಾಸ್ತ ಕೂತಿದ್ದ.

ಹತ್ತು ದಿನಕ್ಕೆ ದೂರು ಜಿಲ್ಲಾ ಕೋರ್ಟು ಮುಟ್ಟಿತು. ಪುಳಿಂಕಡವಿನಲ್ಲಿ ತೀರ್ಪು ಹೇಳುವ ಮೊದಲೇ ಡಫೇದಾರನಿಗೆ ಗೊತ್ತಾಗುತ್ತದೆ, ತೀರ್ಪು ಬರೆಸುವವನೇ ಅವನು, ಇಂಥ ಮುನ್ಸಿಫರನ್ನು ಕಾಯಂ ಮಾಡಬಾರದು. ಪರೀಕ್ಷೆಯ ಅವಧಿ ಮುಗಿಯಲು ಉಳಿದದ್ದು ಒಂದೂವರೆ ತಿಂಗಳು. ಜಿಲ್ಲಾ ಜಡ್ಜ್ ಕೃಷ್ಣವಾರಿಯರ್ ತಾವೇ ವಿಚಾರಣೆಗೆ ಬರುತ್ತೇನೆಂದು ತಿಳಿಸಿದರು.

ಸುದ್ದಿ ಕೇಳಿದ್ದೇ ನಾಣು ಊಟ ಬಿಟ್ಟ. ತನ್ನ ಮೂರಡಿ ನಾಲಗೆಯಿಂದ ಆ ಹೆಣ್ಣುಮಗಳ ಕೆಲಸ ಹೋಗುತ್ತದಲ್ಲ ಎಂದು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

“ಈಗ ಅತ್ತು ಏನು ಬಂತು? ಕೇಳಿದ್ರೆ ‘ನಾನು ಚಹಾ ತಂದುಕೊಡ್ತೀನಿ ಅಷ್ಟೇ, ನನಗೇನೂ ಗೊತ್ತಿಲ್ಲ’ ಅನ್ನಿ. ಶೇಂದಿ ಏರಿ ಬಡಬಡಿಸಿದೆ ಅನ್ನಿ. ಅವರೂ ಉಳೀತಾರೆ, ನೀವೂ ಉಳೀತೀರಿ,” ಎಂದಳು ಪೊನ್ನಮ್ಮ. ಮಾತು ಸರಿಯೆನ್ನಿಸಿತು. ನಾಣು ಅದನ್ನೇ ಬಾಯಿಪಾಠ ಮಾಡಿಕೊಂಡ.

ವಾರಿಯರ್ ಬಂದರು. ಒಣಕಲು ಮೈ, ನಶ್ಯದ ಡಬ್ಬಿ, ನಗುವೆಂಬುದನ್ನು ಮನೆಯಲ್ಲೇ ಬಿಟ್ಟು ಬಂದಂಥ ಮುಖ. ಕಾರ್ತ್ಯಾಯನಿಯ ಕೋಣೆಯಲ್ಲಿ, ಅವಳ ಎದುರಿಗೇ, ನಾಣುವನ್ನು ನಿಲ್ಲಿಸಿ ಕೇಳಿದರು.

“ಮುನ್ಸಿಫ್ ನಿನಗೆ ತೀರ್ಪು ಓದಿ ಹೇಳ್ತಾರಾ?”

ನಾಣು ಬಾಯಿ ತೆರೆದ. ಪಾಠ ಮಾಡಿಕೊಂಡದ್ದು ನಾಲಗೆಯ ತುದಿಯಲ್ಲೇ ಇತ್ತು. ಎದುರಿಗೆ ಕಾರ್ತ್ಯಾಯನಿ ಕೂತಿದ್ದಳು. ಅವಳು ಕಣ್ಣು ಸನ್ನೆ ಮಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಪ್ರತಿ ಸಂಜೆ ಕಾಗದ ಕೆಳಗಿಟ್ಟು ಕಾಯುವ ಹಾಗೆ ಅವನ ಮಾತಿಗೆ ಕಾಯುತ್ತಿದ್ದಳು. ಆ ಮುಖದೆದುರು ಸುಳ್ಳು ಹೊರಡಲಿಲ್ಲ.

“ಓದ್ತಾರೆ ಸಾರ್. ಕೊನೆಯ ಪುಟ ಓದಲ್ಲ. ಅದನ್ನ ನಾನು ಹೇಳ್ಬೇಕು. ಇವತ್ತಿನವರೆಗೆ ಒಂದು ಕೇಸಿನ ಕೊನೆಯ ಪುಟವನ್ನೂ ಅವರು ನನಗೆ ಮೊದಲೇ ತೋರಿಸಿಲ್ಲ. ಶೇಂದಿ ಅಂಗಡೀಲಿ ಜಂಭ ಕೊಚ್ಚಿದ್ದು ನಾನು. ತಪ್ಪು ನಂದು ಸಾರ್, ಅವರದ್ದಲ್ಲ.”

“ಬಾತಿನ ಕೇಸಿನಲ್ಲಿ ಇವನ ಮಾತಿಂದ ತೀರ್ಪು ಬದಲಾಯ್ತಾ?” ಎಂದು ವಾರಿಯರ್ ಅವಳ ಕಡೆ ತಿರುಗಿದರು.

“ಬದಲಾಯ್ತು ಸಾರ್,” ಎಂದಳು ಕಾರ್ತ್ಯಾಯನಿ. “ನಾನು ಬರೆದದ್ದನ್ನ ನಾನೇ ಕೇಳಿಸ್ಕೊಂಡಿರಲಿಲ್ಲ. ಇವರು ಕೇಳಿಸ್ಕೊಂಡರು.”

ವಾರಿಯರ್ ಸಿಟ್ಟಿನಿಂದ ಒಂದು ಚಿಟಿಕೆ ನಶ್ಯ ಏರಿಸಿದರು. ಎದ್ದು ಕಪಾಟಿನಿಂದ ಕಾನೂನು ವರದಿಗಳ ಒಂದು ದಪ್ಪ ಸಂಪುಟ ಎಳೆದರು. ಅದರಲ್ಲಿ ಅವರದೇ ತೀರ್ಪೊಂದು ಅಚ್ಚಾಗಿತ್ತು. ಐದು ವರ್ಷ ಹಿಂದಿನದು, ಅಣ್ಣತಮ್ಮಂದಿರ ದೋಣಿಕಟ್ಟೆಯ ಜಗಳ. ವಕೀಲರ ಸಭೆಗಳಲ್ಲಿ ಹೊಗಳಿಸಿಕೊಂಡದ್ದು. “ನಾನೂ ನೋಡ್ತೀನಿ ಈ ಆಟಾನ,” ಎಂದು ಒಂದೊಂದೇ ವಾಕ್ಯ ಮಲಯಾಳಂಗೆ ತಿರುಗಿಸಿ ಓದಿದರು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಪುಟಕ್ಕೆ ಬಂದು ಬೆರಳಿಟ್ಟು ನಿಲ್ಲಿಸಿದರು.

“ಹೇಳು. ಯಾರು ಗೆದ್ದರು? ಅಣ್ಣನಾ, ತಮ್ಮನಾ?”

ನಾಣು ಬೆವತುಹೋದ. ಹೇಗಾದರೂ ಸರಿಯಾದ ಹೆಸರು ಹೇಳಿದರೆ ಕಾರ್ತ್ಯಾಯನಿ ಉಳಿಯುತ್ತಾಳೆ. ಅಣ್ಣ ಎನ್ನಲೇ? ಎರಡರಲ್ಲಿ ಒಂದು, ನಾಣ್ಯ ಚಿಮ್ಮಿದ ಹಾಗೆ. ಆದರೆ ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದರೂ ಅದು ಎಲ್ಲಿಗೂ ಹೋಗಿ ಸೇರಲಿಲ್ಲ.

“ಸಾರ್, ಸಿಟ್ಟು ಮಾಡ್ಕೋಬೇಡಿ. ಇದರಲ್ಲಿ ಅಣ್ಣ ಗೆದ್ದರೂ ಹೊಂದತ್ತೆ, ತಮ್ಮ ಗೆದ್ದರೂ ಹೊಂದತ್ತೆ.”

ವಾರಿಯರ್ ಕೊನೆಯ ಪುಟ ತೆರೆದು ತಾವೇ ಓದಿಕೊಂಡರು. ಹಿಂದಿನ ಪುಟಕ್ಕೆ ಹೋದರು. ಇನ್ನೂ ಹಿಂದಕ್ಕೆ ಹೋದರು. ಆಮೇಲೆ ಸಂಪುಟ ಮುಚ್ಚಿ, ತಮಗಾಗಿ ಮಾಡಿಸಿಟ್ಟಿದ್ದ ಕರಿಮೀನಿನ ಊಟವನ್ನೂ ಬಿಟ್ಟು ದೋಣಿ ಹತ್ತಿದರು.

“ಮುಗೀತು ಸಾರ್. ನಾನು ಕೆಡಿಸಿಬಿಟ್ಟೆ,” ಎಂದು ನಾಣು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತ.

“ಏಳಿ, ಕರಿಮೀನು ತಣ್ಣಗಾಗತ್ತೆ. ನಿಜ ಹೇಳಿದವರು ಹಸಿದುಕೊಂಡಿರಬಾರದು,” ಎಂದಳು ಕಾರ್ತ್ಯಾಯನಿ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಮೊಹರು ಹಾಕಿದ ಲಕೋಟೆ ಬಂತು. ಒಳಗಿದ್ದದ್ದು ವಾರಿಯರ್ ಅವರ ವಿಚಾರಣಾ ವರದಿ, ಐದು ಪುಟ. ಮಲಯಾಳಂನಲ್ಲಿ! ಅವರ ಸ್ವಂತ ಕೈಬರಹ. ಅಲ್ಲಲ್ಲಿ ಹೊಡೆದು ತಿದ್ದಿದ ಗುರುತು.

“ಕೊನೆಯ ಪುಟ ಮೊದಲು ನೋಡಿ ಸಾರ್, ದಮ್ಮಯ್ಯ!”

“ನೋಡಲ್ಲ. ಕೂತ್ಕೊಳ್ಳಿ,” ಎಂದು ಅವಳು ಐದನೆಯ ಪುಟವನ್ನು ಬೋರಲು ಮಾಡಿಟ್ಟು ಓದಲು ಶುರುಮಾಡಿದಳು. ಅವಳಿಗೂ ಅದರಲ್ಲೇನಿದೆ ಎಂದು ಗೊತ್ತಿರಲಿಲ್ಲ.

ಮೊದಲ ಮೂರು ಪುಟ ಮುನ್ಸಿಫರ ವಿಷಯ. ಕೊನೆಯ ಪುಟವನ್ನು ಯಾರಿಗೂ ತಿಳಿಸಿಲ್ಲವಾದ್ದರಿಂದ ಗುಟ್ಟು ಒಡೆದಂತಾಗಲಿಲ್ಲ. ಹೊರಗಿನ ಯಾವ ಸಂಗತಿಯೂ ತೀರ್ಪಿನೊಳಗೆ ಬಂದಿಲ್ಲ. ಕಾರಣಗಳು ಸಾಮಾನ್ಯನೊಬ್ಬನನ್ನು ಕೊನೆಯ ಪುಟಕ್ಕೆ ಮುಟ್ಟಿಸಬೇಕು ಎಂಬ ಅವರ ವಿಚಾರ ಹೊಸದು. ಜಡ್ಜುಗಳಾದ ನಮ್ಮಲ್ಲಿ ಅನೇಕರು ಅದಕ್ಕೆ ಹೆದರುವುದಕ್ಕೆ ಕಾರಣವಿದೆ. ನಾಲ್ಕನೆಯ ಪುಟ ನಾಣುವಿನದು. ಡಫೇದಾರನು ಶೇಂದಿ ಅಂಗಡಿಯಲ್ಲಿ ಕೋರ್ಟಿನ ಮರ್ಯಾದೆ ಹರಾಜು ಹಾಕಿದ್ದಾನೆ. ಮುನ್ಸಿಫರ ಕೆಲಸಕ್ಕೇ ಕುತ್ತು ತಂದಿದ್ದಾನೆ. ಇಷ್ಟು ವರ್ಷದ ಅನುಭವವಿರುವುದರಿಂದ ಅವನಿಗೆ ಕ್ಷಮೆಯಿಲ್ಲ. ಕೋರ್ಟಿನ ಬಾಗಿಲಲ್ಲಿ ಇಂಥ ಬಾಯಿ ಇರುವುದು ಅಪಾಯ.

ಅವಳು ಕಾಗದ ಕೆಳಗಿಟ್ಟಳು. “ಏನಿದೆ ಕೊನೆಯ ಪುಟದಲ್ಲಿ?”

ನಾಣು ಎದ್ದು ನಿಂತ. “ನೀವು ಇಲ್ಲೇ ಇರ್ತೀರಿ ಸಾರ್. ಕಾಯಂ ಆಯ್ತು.” ಅವನ ಮುಖ ಅರಳಿತ್ತು, ಕಣ್ಣು ತುಂಬಿತ್ತು. “ನನ್ನನ್ನ ತೆಗೆದುಹಾಕಿದಾರೆ.” ಎದೆಯ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟ.

ಕಾರ್ತ್ಯಾಯನಿ ಕೊನೆಯ ಪುಟ ತಿರುಗಿಸಿದಳು. ಮುನ್ಸಿಫರನ್ನು ಕಾಯಂ ಮಾಡಬಹುದು. ಡಫೇದಾರನಿಗೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಮುಂದುವರಿಸತಕ್ಕದ್ದು.

ನಾಣು ಕುಣಿಯುವುದೊಂದು ಬಾಕಿ. ಆದರೆ ಅವಳು ಹುಬ್ಬು ಗಂಟಿಕ್ಕಿ ಒಂದು ಹಾಳೆ ತೆಗೆದುಕೊಂಡು ಬರೆಯತೊಡಗಿದಳು. “ಜಿಲ್ಲಾ ಜಡ್ಜರ ಸನ್ನಿಧಿಗೆ. ತಮ್ಮ ವರದಿಯನ್ನು ಡಫೇದಾರನಿಗೆ ಓದಲಾಯಿತು. ಅರ್ಧ ಸರಿ ಹೇಳಿದ, ಅರ್ಧ ತಪ್ಪು. ನಾಲ್ಕನೆಯ ಪುಟ ಕೊನೆಯ ಪುಟಕ್ಕೆ ಹೊಂದುತ್ತಿಲ್ಲ. ಯಾವುದಾದರೊಂದನ್ನು ತಿದ್ದಬೇಕು.”

“ಅಯ್ಯಯ್ಯೋ, ಕಳಿಸ್ಬೇಡಿ ಸಾರ್!” ನಾಣು ಹೌಹಾರಿದ. “ಅವರು ಕೊನೇ ಪುಟಾನೇ ತಿದ್ದಿಬಿಟ್ಟರೆ?”

“ತಿದ್ದಲಿ. ಕಾರಣ ಗೊತ್ತಿಲ್ಲದೆ ಉಳಿಯೋದು ಬೇಡ ನಿಮಗೆ.” ಅವಳು ಲಕೋಟೆ ಅಂಟಿಸಿದಳು.

ಆ ಹತ್ತು ದಿನ ನಾಣು ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಹನ್ನೊಂದನೆಯ ದಿನ ಉತ್ತರ ಬಂತು, ಒಂದೇ ಹಾಳೆ, ಹೊಸ ನಾಲ್ಕನೆಯ ಪುಟ. ಹಳೆಯ ಬೈಗುಳ ಒಂದೂ ಬಿಟ್ಟಿರಲಿಲ್ಲ. ಕೆಳಗೆ ಮೂರು ವಾಕ್ಯ ಸೇರಿಸಿದ್ದರು. ಕಾರ್ತ್ಯಾಯನಿ ಅವನ್ನು ನಿಧಾನವಾಗಿ ಓದಿದಳು.

“ಈತನು ಒಂದು ಸುಳ್ಳು ಹೇಳಿದ್ದರೆ ತಾನೂ ಉಳಿಯುತ್ತಿದ್ದ, ತನ್ನ ಮುನ್ಸಿಫರೂ ಉಳಿಯುತ್ತಿದ್ದರು, ಹೇಳಲಿಲ್ಲ. ನನ್ನ ತೀರ್ಪು ತನಗೆ ತಿಳಿಯಲಿಲ್ಲವೆಂದು ನನ್ನ ಮುಖಕ್ಕೇ ಹೇಳಿದ. ಮೂವತ್ತು ವರ್ಷದಲ್ಲಿ ಅದನ್ನು ನನಗೆ ಹೇಳಿದವನು ಇವನೊಬ್ಬನೇ.”

ಓದಿ, ಕಾಗದ ಕೆಳಗಿಟ್ಟು, ಎಂದಿನಂತೆ ಕೇಳಿದಳು. “ಈಗ ಹೇಳಿ ನಾಣುಚೇಟ್ಟ, ಕೊನೆಯ ಪುಟದಲ್ಲಿ ಏನಿದೆ?”

ನಾಣು ಹೇಳಲು ನೋಡಿದ. ಕಾಲುವೆಯ ಆಚೆಗೂ ಮುಟ್ಟುತ್ತಿದ್ದ ಆ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ.